ಒಂಬತ್ತನೆಯ ಪ್ರಶ್ನೆ

"ಹಲೋ, ಯಾರು?" ಅಂದದ್ದು ಗಂಡಸಿನ ದನಿ. ಸಂಶೋಧಕಿ ಪ್ರಶ್ನೆಗಳ ಹಾಳೆಯನ್ನು ಪಕ್ಕಕ್ಕೆ ಸರಿಸಿದಳು. ವಿಶ್ವವಿದ್ಯಾಲಯದ ಕೌಟುಂಬಿಕ ಹಿಂಸೆ ತಡೆ ಕೇಂದ್ರದಿಂದ ಅವಳು ಎರಡು ವರ್ಷಗಳಿಂದ, ಮೂರು ತಿಂಗಳಿಗೊಮ್ಮೆ, ಈ ಮನೆಯ ಹೆಂಗಸಿಗೆ ಫೋನ್ ಮಾಡಿ ಹನ್ನೆರಡು ಪ್ರಶ್ನೆ ಕೇಳುತ್ತಿದ್ದಳು. ಗಂಡನೇನಾದರೂ ಫೋನ್ ಎತ್ತಿಬಿಟ್ಟರೆ ಇರಲಿ ಎಂದು ಇಬ್ಬರೂ ಒಂದು ಸುಳ್ಳು ಗೊತ್ತುಮಾಡಿಕೊಂಡಿದ್ದರು. ಅದೀಗ ನೀರು ಕುಡಿದಷ್ಟು ಸಲೀಸಾಗಿ ಬಂತು: "ಲೈಬ್ರರಿಯಿಂದ ಸಾರ್. ಮೇಡಂ ಒಂದು ಪುಸ್ತಕ ವಾಪಸ್ ಕೊಡಬೇಕಿತ್ತು."

"ನಾನು ಬಾಗಿಲಿಗೆ ಹೊಸ ಬೀಗ ಕೂರಿಸೋಕೆ ಬಂದವನು. ಅಕ್ಕ ಕೈ ತೊಳೀತಿದ್ದಾರೆ, ಫೋನ್ ಎತ್ತು ಅಂದ್ರು. ಒಂದ್ನಿಮಿಷ ಇರಿ."

ಆ ಒಂದು ನಿಮಿಷ ಮುಗಿಯುವುದರೊಳಗೆ ಸಂಶೋಧಕಿ ಪೆನ್ಸಿಲಿನ ತುದಿ ಕಚ್ಚಿ ಕಚ್ಚಿ ನಾರು ತೆಗೆದಿದ್ದಳು.

"ಲೈಬ್ರರಿ ನಾಟಕ ಸಾಕು ತಾಯಿ!" ಹೆಂಗಸು ನಗುತ್ತಿದ್ದಳು. "ಕೋರ್ಟು ಅವನನ್ನ ಮನೆಯಿಂದ ಹೊರಗೆ ಹಾಕಿ ಹದಿನೈದು ದಿನ ಆಯ್ತು. ಇವತ್ತು ಬೀಗಾನೂ ಬದಲಾಯಿಸ್ತಿದ್ದೀನಿ. ಇನ್ಮೇಲೆ ಕೀಲಿ ನನ್ನೊಬ್ಬಳ ಹತ್ರಾನೇ. ಅದೇನು ಕೇಳ್ಬೇಕೋ ಧಾರಾಳವಾಗಿ ಕೇಳಿ."

ಸಂಶೋಧಕಿಗೆ ಹೋದ ಜೀವ ಬಂದಂತಾಯಿತು. ಉಳಿದದ್ದೆಲ್ಲ ಆಮೇಲಾಯಿತು ಎಂದು ನೇರವಾಗಿ ಒಂಬತ್ತನೆಯ ಪ್ರಶ್ನೆಯ ಮೇಲೆ ಪೆನ್ಸಿಲ್ ಇಟ್ಟಳು. ಇಷ್ಟು ದಿನ ಅದಕ್ಕೆ ಸಿಕ್ಕಿದ್ದು ಒಂದೇ ಉತ್ತರ, ಉಸಿರಿಗಿಂತ ಮೆಲ್ಲಗಿನ "ಇಲ್ಲ". ಯಾವತ್ತಿನಂತೆ ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದಳು: "ಮನೇಲಿ ಭಯ ಇಲ್ದೆ ಇರೋಕೆ ಆಗ್ತಿದ್ಯಾ?"

"ಏನು? ಕೇಳಿಸ್ಲಿಲ್ಲ!" ಆ ಕಡೆಯ ದನಿ ಗಂಟೆ ಬಾರಿಸಿದಂತಿತ್ತು. "ನೀವ್ಯಾಕಮ್ಮ ಇನ್ನೂ ಪಿಸುಗುಟ್ತಿದ್ದೀರಾ?"