ಗೊತ್ತಿದ್ದ ಪ್ರಶ್ನೆ

"ಈ ಪ್ರಶ್ನೆ ಮೊದಲೇ ಗೊತ್ತಿದ್ರೆ ಹೇಳ್ಬಿಡಿ ಅಣ್ಣ, ಕಂಪನಿ ನಿಯಮ," ಎಂದಳು ಸಂದರ್ಶಕಿ. ಅವಳಿಗೆ ಕೆಲಸ ಕಲಿಸಿದವನೇ ಅವನು. ಕೆಲಸ ಕಳೆದುಕೊಂಡ ಎಂಟು ತಿಂಗಳ ಬಳಿಕ ಅದೇ ಕಂಪನಿಯ ಬಿಳಿ ಹಲಗೆಯ ಮುಂದೆ ಅಭ್ಯರ್ಥಿಯಾಗಿ ನಿಂತಿದ್ದ.

"ಗೊತ್ತಮ್ಮ. ಇದನ್ನ ಬರೆದವನೇ ನಾನಲ್ವಾ?"

"ನೀವಾಗಿದ್ದಕ್ಕೆ ಹೇಳಿದ್ರಿ," ಎಂದು ನಗುತ್ತಾ ಅವಳು ಹಲಗೆ ಒರೆಸಿ, ನಿಯಮದಂತೆ ಬೇರೊಂದು ಪ್ರಶ್ನೆ ಬರೆದಳು. ಉಳಿದ ಇಪ್ಪತ್ತು ನಿಮಿಷಗಳಲ್ಲಿ ಅವನಿಗೆ ಅರ್ಧ ಉತ್ತರವೂ ಹೊಳೆಯಲಿಲ್ಲ.

ಅವನ ಹೆಸರಿನೆದುರು 'ಬೇಡ' ಎಂದು ಗುರುತಿಸಿ, ಅವಳು ಬಾಗಿಲವರೆಗೂ ಬಂದಳು. "ಬೇಜಾರು ಮಾಡ್ಕೋಬೇಡಿ ಅಣ್ಣ. ಬೆಳಗ್ಗೆ ಬಂದವನು ಆ ಪ್ರಶ್ನೆ ಕಂಡೇ ಇಲ್ಲ ಅಂದ. ಆಮೇಲೆ ನೀವು ಬರೆದಿಟ್ಟಿದ್ದ ಉತ್ತರಾನೇ ಒಂದಕ್ಷರ ಬಿಡದೆ, ಅದರಲ್ಲಿದ್ದ ತಪ್ಪಿನ ಸಮೇತ ಬರೆದ."

"ಏನ್ಮಾಡಿದಿರಿ ಅವನ್ನ?"

"ಸೋಮವಾರ ಸೇರ್ಕೋತಾನೆ."