ಪ್ರೊಫೆಸರರ ಹೆಸರಿನ ಚಿಟ್ಟೆ

ಆ ಬೆಳಿಗ್ಗೆಯೂ ಜಿಟಿಜಿಟಿ ಮಳೆ ನಿಂತಿರಲಿಲ್ಲ. ಬೇಸಿಗೆಯಲ್ಲಿ ಈ ಕಾಡಿನಲ್ಲಿ ಸಿಕ್ಕ, ರೆಕ್ಕೆಯಲ್ಲಿ ಕಣ್ಚುಕ್ಕೆಗಳಿಲ್ಲದ ಕಂದು ಚಿಟ್ಟೆಯನ್ನು ಹೊಸ ಉಪಪ್ರಭೇದವೆಂದು ಘೋಷಿಸಿ, ತಮ್ಮ ಹೆಸರನ್ನೇ ಇಡಲು ಪ್ರೊಫೆಸರರು ಬಂದಿದ್ದರು. ಅದು ಇಟ್ಟ ಮೊಟ್ಟೆಗಳನ್ನು ಸಾಕಿಕೊಡಲು ಇದೇ ಕಾಡಿನ ಸೋಲಿಗರ ಕೇತಮ್ಮನಿಗೆ ಆಗಲೇ ಒಪ್ಪಿಸಿದ್ದರು.

“ಅದು ನಮ್ಮ ಮಾಮೂಲಿ ಚಿಟ್ಟೇನೇ ಬುದ್ಧಿ. ಬ್ಯಾಸಗೇಲಿ ಹುಟ್ಟಿದವಕ್ಕೆ ಚುಕ್ಕಿ ಇರಾಕಿಲ್ಲ, ಮಳೆಗಾಲದವಕ್ಕೆ ಬತ್ತವೆ,” ಎಂದಳು ಕೇತಮ್ಮ.

ಪ್ರೊಫೆಸರರು ನಕ್ಕರು. “ಹುಳಕ್ಕೆ ಹುಲ್ಲು ಹಾಕಿದವರೆಲ್ಲ ವಿಜ್ಞಾನಿ ಆಗೋದಿಲ್ಲಮ್ಮ. ನನಗೇ ಪಾಠವಾ? ಎಲ್ಲಿ, ನನ್ನ ಚಿಟ್ಟೆಯ ಮಕ್ಕಳು?”

“ಎಲ್ಲಾ ರೆಕ್ಕೆ ಬಿಚ್ಚವೆ. ಮಾದಪ್ಪನ ದಯ, ಒಂದೂ ಸತ್ತಿಲ್ಲ.”

ಕೇತಮ್ಮ ಸೆರಗಿನಡಿಯಿಂದ ಬಲೆಯ ಗೂಡನ್ನು ತೆಗೆದು ಮೆಲ್ಲಗೆ ಅವರ ಕೈಗೆ ಒಪ್ಪಿಸಿದಳು. ಒಳಗಿದ್ದ ಏಳೂ ಚಿಟ್ಟೆಗಳ ರೆಕ್ಕೆಯಲ್ಲಿ ದುಂಡನೆಯ ಕಣ್ಚುಕ್ಕೆಗಳಿದ್ದವು.