ಪುನೀತನ ನಿದ್ದೆ

ಪುಣೆಯ ಮಗರಪಟ್ಟಾದ ಆಫೀಸಿಗೆ ಮಹಾ ವಿಪತ್ತೊಂದು ಬಂದೆರಗಿತ್ತು: ಇಂಪನಾಳ ಡೇಟಾಬೇಸ್ ಟೂಲಿನಲ್ಲಿ ಪುಟ್ಟ ಚಕ್ರ ಸುತ್ತುತ್ತಲೇ ಇತ್ತು, ಅವಳು ತುಂಬಬೇಕಾದ ಮಾಹಿತಿಯ ಟೇಬಲ್ ತೆರೆಯುತ್ತಿರಲಿಲ್ಲ. ಕೆಲಸ ಮುಗಿಯದೆ ಅವಳು ಅಕ್ಕನ ಸೀಮಂತಕ್ಕೆ ಮೈಸೂರಿನ ಬಸ್ಸು ಹತ್ತುವಂತಿಲ್ಲ.

ಕಾರಣವನ್ನು ಸಹೋದ್ಯೋಗಿ ಲತೇಶ್ ಹುಡುಕಿದ. ಪಕ್ಕದ ಮೇಜಿನ ಪುನೀತ ಬೆಳಗಿನಿಂದ ಅದೇ ಟೇಬಲನ್ನು ತಿದ್ದುತ್ತಾ, ಸೇವ್ ಮಾಡದೆ, ಅರ್ಧಕ್ಕೇ ನಿದ್ದೆಹೋಗಿದ್ದ. ಅವನು ಬಿಡುವ ತನಕ ಅದು ಬೇರೆ ಯಾರಿಗೂ ಸಿಗದು.

"ಎಬ್ಬಿಸು ಮಾರಾಯ್ತಿ! ಬಸ್ಸೇನು ನಿನ್ನ ಮಾವನದ್ದಾ, ಕಾಯ್ಲಿಕ್ಕೆ?"

"ಮನೇಲಿ ಹಸುಗೂಸು ಕಣೋ. ವಾರದಿಂದ ನಿದ್ದೇನೇ ಇಲ್ವಂತೆ."

"ಹಾಗಾದ್ರೆ ಅವನ ಕನೆಕ್ಷನ್ನೇ ಕಟ್ ಮಾಡ್ತೇನೆ."

"ಬೇಡ, ತಿದ್ದಿದ್ದೆಲ್ಲಾ ಹೋಗ್ಬಿಡತ್ತೆ. ನಾನೇ ಎಬ್ಬಿಸ್ತೀನಿ."

ಅವಳ ಕೈ ಅವನ ಭುಜದವರೆಗೂ ಹೋಯಿತು. ಅಷ್ಟರಲ್ಲಿ ಪುನೀತ ನಿದ್ದೆಯಲ್ಲೇ "ಜೋ ಜೋ" ಎನ್ನುತ್ತಾ ಮೌಸಿನ ಬೆನ್ನನ್ನು ಮೆಲ್ಲಗೆ ತಟ್ಟತೊಡಗಿದ. ಲತೇಶನೂ ದನಿ ತಗ್ಗಿಸಿದ. ಚಕ್ರ ಸುತ್ತುತ್ತಿತ್ತು, ಬೆರಳುಗಳು ತಟ್ಟುತ್ತಿದ್ದವು.

ಐದು ಗಂಟೆಯ ಬಸ್ಸು ಇಂಪನಾ ಇಲ್ಲದೆ ಹೊರಟಿತು.